ಸುರುಳಿ ಮೆಟ್ಟಿಲಿನ ಶಂಖ

ಯುರೋಪಿನ ಕಡಲತೀರದ ಈ ಪುಟ್ಟ ಬಸವನಹುಳುವಿನ ಹೆಸರು ಎಪಿಟೋನಿಯಂ ಕ್ಲಾತ್ರಸ್. ಉದ್ದ ಹೆಚ್ಚೆಂದರೆ ಸುಮಾರು 4 ಸೆಂಟಿಮೀಟರ್. ಡಚ್ಚರು ಇಂಥ ಶಂಖಗಳನ್ನು ‘ವೆಂಟೆಲ್‌ಟ್ರಾಪ್’, ಅಂದರೆ ಸುರುಳಿ ಮೆಟ್ಟಿಲು ಎಂದರು. ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಗುರುತು ಹಿಡಿಯಲು ಚಿಪ್ಪಿನ ಮೇಲಿನ ಏಣುಗಳನ್ನು ಎಣಿಸಿ. ಕೊನೆಯ ಸುತ್ತಿನಲ್ಲಿ ಸುಮಾರು 9. ಎಲ್ಲವೂ ಎದ್ದು ನಿಂತು, ಸುತ್ತಿನಿಂದ ಸುತ್ತಿಗೆ ಸಾಲಾಗಿ ಇಳಿಯುತ್ತವೆ. ಹತ್ತಿರದ ಬಂಧು ಎಪಿಟೋನಿಯಂ ಟರ್ಟೋನಿಸ್‌ಗೆ ಏಣು ಹೆಚ್ಚು, ಅವು ಚಪ್ಪಟೆ. ಒಂದೊಂದು ಏಣೂ ಒಂದು ಕಾಲದ ಬಾಯಂಚು! ಬೆಳವಣಿಗೆ ತಡೆದು ನಿಂತಾಗ ಅಂಚು ದಪ್ಪಗಾಗುತ್ತದೆ. ಚಿಪ್ಪು ಮುಂದೆ ಬೆಳೆದಂತೆ ಅದು ಹಿಂದೆ ಉಳಿಯುತ್ತದೆ. ಈಗಿನ ಬಾಯಿ ನೋಡಿ: ದುಂಡಗೆ, ಬಿಳಿ ಬಳೆ ತೊಡಿಸಿದಂತಿದೆ.

ಜೀವಂತ ಹುಳುವಿನ ಆಹಾರ ಸೀ ಅನಿಮೋನ್. ಕೆಣಕಿದರೆ ನೇರಳೆ ದ್ರವ ಬಿಡುತ್ತದೆ.