ವೈದ್ಯಗ್ರಂಥಗಳಲ್ಲಿಯೂ ಶಾಸನಗಳಲ್ಲಿಯೂ ಪರಿಚಾರಕನ ಸ್ಥಾನ

ರೋಗಿಯನ್ನು ನೋಡಿಕೊಳ್ಳುವ ಕಾರ್ಯಕ್ಕೆ ಕನ್ನಡದಲ್ಲಿ ಎರಡು ಮಾತುಗಳು ರೂಢಿಯಲ್ಲಿವೆ. ಒಂದು ಶುಶ್ರೂಷೆ, ಇನ್ನೊಂದು ಆರೈಕೆ. ಮೊದಲನೆಯದು ಸಂಸ್ಕೃತದ ಶ್ರು ಧಾತುವಿನ ಸನ್ನಂತರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಆತನ ಸೇವೆಯನ್ನೂ ಮಾಡುವನಾದುದರಿಂದ ಸೇವೆಯೆಂಬ ಅರ್ಥವು ಬಳಿಕ ಬಂದಿತು. ಎರಡನೆಯದು ದೇಶ್ಯ. ಆರಯ್ ಎಂಬ ಹಳಗನ್ನಡ ಧಾತುವಿಗೆ ಹುಡುಕು, ಪರೀಕ್ಷಿಸು, ವಿಚಾರಿಸು ಎಂಬ ಅರ್ಥಗಳೂ ಸಲಹು ಎಂಬ ಅರ್ಥವೂ ಉಂಟು. ಒಂದರಲ್ಲಿ ಕಿವಿ ಮುಂದಾಗಿದೆ, ಮತ್ತೊಂದರಲ್ಲಿ ಕಣ್ಣು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾಚೀನ ವೈದ್ಯಗ್ರಂಥಗಳನ್ನು ಓದಿದರೆ, ಪರಿಚಾರಕಶಬ್ದಕ್ಕೆ ‘ಆಳು’ ಎಂದು ಅರ್ಥ ಹೇಳಿ ಮುಂದೆ ಸಾಗುವ ನಮ್ಮ ಪಾಠಕ್ರಮವು ಸಾಲದೆಂದು ತೋರುವುದು.

ಪರಿಚರ್ಯೆಯು ವಿದ್ಯೆಯಾದುದು 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹನೀಯಳು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆಯನ್ನು ಸ್ಥಾಪಿಸಿದಂದಿನಿಂದ ಎಂದು ಹೇಳುವುದುಂಟು. ಶಾಲೆಯ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯದಲ್ಲಿ ಶಿಷ್ಯನು ಕುಂಬಳ ಮೊದಲಾದ ಕಾಯಿಗಳ ಮೇಲೆ ಛೇದನವನ್ನೂ ಬೊಂಬೆಯ ಅಂಗಗಳ ಮೇಲೆ ಬಂಧನವನ್ನೂ ಅಭ್ಯಾಸಮಾಡಬೇಕೆಂದಿದೆ. ಆ ಶಿಷ್ಯನು ವೈದ್ಯನಾಗತಕ್ಕವನೇ ಹೊರತು ಪರಿಚಾರಕನಲ್ಲ. ಆದರೆ ಶಾಲೆಯಿಲ್ಲವೆಂದ ಮಾತ್ರಕ್ಕೆ ವಿದ್ಯೆಯೇ ಇಲ್ಲವೆನ್ನಲಾಗದು.

ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳು. ಇದರಲ್ಲಿ ಚರಕ ಸುಶ್ರುತರಿಗೆ ಭೇದವಿಲ್ಲ. ಪರಿಚಾರಕನ ಗುಣಗಳನ್ನು ಹೇಳುವಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ದಾರಿಯನ್ನು ಹಿಡಿದಿರುವರು. ಸುಶ್ರುತನ ಪರಿಚಾರಕನು ಸ್ನೇಹವುಳ್ಳವನು, ಹೇಸದವನು, ಬಲಶಾಲಿ, ರೋಗಿಯ ರಕ್ಷಣೆಯಲ್ಲಿ ತೊಡಗಿದವನು, ವೈದ್ಯನ ಮಾತಿನಂತೆ ನಡೆಯುವವನು, ದಣಿಯದವನು. ಚರಕನು ಹೇಳುವ ಗುಣಗಳು ನಾಲ್ಕೇ: ಉಪಚಾರಜ್ಞತೆ, ದಕ್ಷತೆ, ಅನುರಾಗ, ಶೌಚ. ಬಲವೂ ಇಲ್ಲ, ಹೇಸದಿರುವಿಕೆಯೂ ಇಲ್ಲ. ಜ್ಞಾನವೇ ಮೊದಲು ನಿಂತಿದೆ.

ಈ ಭೇದಕ್ಕೆ ಕಾರಣವನ್ನು ಪ್ರಕರಣದಲ್ಲಿಯೇ ಹುಡುಕಬೇಕು. ಸುಶ್ರುತನ ಲಕ್ಷಣವು ಬಂದಿರುವುದು ಸೂತ್ರಸ್ಥಾನದ 34ನೆಯದಾದ ಯುಕ್ತಸೇನೀಯಾಧ್ಯಾಯದಲ್ಲಿ, ಎಂದರೆ ದಂಡೆತ್ತಿ ಹೊರಟ ರಾಜನ ಬೀಡಿನಲ್ಲಿ. ಅಲ್ಲಿ ವೈದ್ಯನ ಡೇರೆಯು ರಾಜಗೃಹದ ಪಕ್ಕದಲ್ಲಿರತಕ್ಕದ್ದು. ವಿಷದಿಂದಲೂ ಶಲ್ಯದಿಂದಲೂ ವ್ಯಾಧಿಯಿಂದಲೂ ನೊಂದವರು ಬಾವುಟವನ್ನು ಕಂಡಂತೆ ಆತನನ್ನು ಕಂಡು ಬರಬೇಕು. ಬಾಣ ನಾಟಿದವನನ್ನು ಹೊತ್ತು ತರುವುದಕ್ಕೆ ಬಲ ಬೇಕು. ರಕ್ತವನ್ನು ಕಂಡು ಹಿಮ್ಮೆಟ್ಟದ ಮನಸ್ಸು ಬೇಕು. ಆ ಗಳಿಗೆಯಲ್ಲಿ ಸ್ವಂತ ವಿಚಾರಕ್ಕಿಂತ ವೈದ್ಯವಾಕ್ಯವೇ ಮೇಲು. ರಕ್ತವನ್ನು ನಿಲ್ಲಿಸುವುದಕ್ಕೆ ಸುಶ್ರುತನು ಸಂಧಾನ, ಸ್ಕಂದನ, ಪಾಚನ, ದಹನಗಳೆಂಬ ನಾಲ್ಕು ಉಪಾಯಗಳನ್ನು ಹೇಳಿರುವನು. ಒಂದು ಫಲಿಸದಿದ್ದರೆ ಮತ್ತೊಂದಕ್ಕೆ ಕೈಯಿಡುವಾಗ ಚರ್ಚೆಗೆ ಅವಕಾಶವೆಲ್ಲಿ? ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಲ್ಯನ ಅರ್ಥಶಾಸ್ತ್ರವೂ ಇದಕ್ಕೆ ಹೊಂದುತ್ತದೆ. ಅದರ 10ನೆಯ ಅಧಿಕರಣದಂತೆ ಶಸ್ತ್ರ, ಯಂತ್ರ, ಅಗದ, ತೈಲ, ಬಟ್ಟೆಗಳನ್ನು ಕೈಯಲ್ಲಿ ಹಿಡಿದ ಚಿಕಿತ್ಸಕರೂ, ಅನ್ನಪಾನಗಳನ್ನು ಕಾಯುತ್ತ ಭಟರನ್ನು ಹುರಿದುಂಬಿಸುವ ಸ್ತ್ರೀಯರೂ ಸೈನ್ಯದ ಹಿಂದೆ ನಿಲ್ಲತಕ್ಕವರು.

ಗಾಯಗೊಂಡವನು ಬದುಕಿ ಮನೆ ಸೇರಿದ ಮೇಲಿನ ಮಾತು ಬೇರೆ. ಸುಶ್ರುತನೇ 19ನೆಯದಾದ ವ್ರಣಿತೋಪಾಸನೀಯದಲ್ಲಿ ಇದನ್ನು ವಿಸ್ತರಿಸಿರುವನು. ಮೊದಲು ಒಳ್ಳೆಯ ಮನೆ. ಅದರಲ್ಲಿ ಇಕ್ಕಟ್ಟಿಲ್ಲದ ಹಾಸಿಗೆ, ಪೂರ್ವಕ್ಕೆ ತಲೆ. ಏಳುವಾಗ, ಕೂರುವಾಗ, ಮಗ್ಗುಲು ಬದಲಿಸುವಾಗ ವ್ರಣಕ್ಕೆ ತಾಗದಂತೆ ಎಚ್ಚರಿಕೆ, ಹಗಲುನಿದ್ದೆ ಕೂಡದು, ಗಾಯವನ್ನು ಚಾಮರದಿಂದ ಮೆಲ್ಲನೆ ಬೀಸಬೇಕು, ತುರಿಸಬಾರದು. ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆ ಎರಡಾವರ್ತಿ 10 ರಾತ್ರಿಗಳವರೆಗೆ ಆಲಸ್ಯವಿಲ್ಲದೆ ಹಾಕಬೇಕು. ಕಟ್ಟನ್ನು ಮೂರನೆಯ ದಿನ ಬಿಚ್ಚತಕ್ಕದ್ದು. ಆತುರಪಟ್ಟು ಮರುದಿನವೇ ಬಿಚ್ಚಬಾರದೆಂದು 5ನೆಯ ಅಧ್ಯಾಯವು ನಿಷೇಧಿಸಿದೆ. ಇಲ್ಲಿ ಮಿತ್ರರು ಬಂದು ಇಂಪಾದ ಕಥೆಗಳನ್ನು ಹೇಳುತ್ತಿರಬೇಕಂತೆ! ಶಸ್ತ್ರವೈದ್ಯನಾದವನು ಕಥೆಯನ್ನೂ ವಿಧಿಸಿದುದು ಸಾಹಿತ್ಯಾಧ್ಯಾಪಕರಿಗೆ ಸಂತೋಷವನ್ನುಂಟುಮಾಡೀತು.

ಚರಕನ 15ನೆಯದಾದ ಉಪಕಲ್ಪನೀಯದಲ್ಲಿ ಇದೇ ಬೆಳೆದಿದೆ. ಗಾಳಿಯ ಹೊಡೆತವಿಲ್ಲದೆ ಒಂದು ಕಡೆಯಿಂದ ಮಾತ್ರ ಗಾಳಿಯಾಡುವ ಮನೆ, ಹೊಗೆ ಬಿಸಿಲು ಧೂಳುಗಳಿಲ್ಲದಿರುವಿಕೆ, ನೀರಿನ ಆಸರೆ, ಸ್ನಾನದ ತಾವು, ಅಡುಗೆಮನೆ. ಅಲ್ಲಿ ಅನ್ನ ಸಾರುಗಳನ್ನು ಅಡುವವರು, ಮೀಯಿಸುವವರು, ಮೈಯೊತ್ತುವವರು, ಎಬ್ಬಿಸುವವರು, ಮಲಗಿಸುವವರು, ಮದ್ದು ಅರೆಯುವವರು. ಇವರಲ್ಲದೆ ಗೀತ, ವಾದ್ಯ, ಇತಿಹಾಸ, ಪುರಾಣಗಳಲ್ಲಿ ನಿಪುಣರಾಗಿ, ರೋಗಿಯ ಇಂಗಿತವನ್ನು ಅರಿಯಬಲ್ಲ ಪಾರಿಷದ್ಯರು. ಎಬ್ಬಿಸುವುದನ್ನೂ ಮಲಗಿಸುವುದನ್ನೂ ಎರಡು ಬೇರೆ ಕೌಶಲಗಳೆಂದು ಎಣಿಸಿದವನಿಗೆ ಪರಿಚರ್ಯೆಯು ಆಳಿನ ಕೆಲಸವಾಗಿ ಕಂಡಿರಲಾರದು. ಅದೇ ಚರಕನು 9ನೆಯ ಅಧ್ಯಾಯದಲ್ಲಿ ವೈದ್ಯನನ್ನು ಕುಂಬಾರನಿಗೂ ಉಳಿದ ಮೂರು ಪಾದಗಳನ್ನು ಮಣ್ಣು, ಕೋಲು, ಚಕ್ರಾದಿಗಳಿಗೂ ಹೋಲಿಸಿರುವನು. ಈ ದೃಷ್ಟಾಂತವು ಅವನ ಲಕ್ಷಣಕ್ಕೆ ಒಪ್ಪುವುದಿಲ್ಲವೆಂದೇ ನನ್ನ ಅಭಿಪ್ರಾಯ, ಚಕ್ರಕ್ಕೆ ಉಪಚಾರಜ್ಞತೆಯೆಲ್ಲಿಯದು?

ಈ ವೈಭವವೆಲ್ಲ ರಾಜನಿಗೂ ಧನಿಕನಿಗೂ ವಿಹಿತವಾದುದು. ಎಲ್ಲ ಮನುಷ್ಯರಿಗೂ ಎಲ್ಲ ಸಾಧನಗಳಿರುವುದಿಲ್ಲವೆಂದು ಆ ಅಧ್ಯಾಯವೇ ಒಪ್ಪಿಕೊಂಡಿದೆ. ಹಾಗಾದರೆ ದಿಕ್ಕಿಲ್ಲದೆ ಬಹುಕಾಲ ಮಲಗಿದವನ ಗತಿಯೇನು? ಬೌದ್ಧರ ವಿನಯಪಿಟಕದ ಮಹಾವಗ್ಗವು ಇದಕ್ಕೆ ಉತ್ತರ ಕೊಡಲೆತ್ನಿಸಿದೆ. ಅತಿಸಾರದಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಭಿಕ್ಷುವನ್ನು ಬುದ್ಧನೂ ಆನಂದನೂ ತೊಳೆದು ಮಲಗಿಸಿದ ಪ್ರಸಂಗವು ಅಲ್ಲಿಯದು. ಮದ್ದನ್ನು ಸಿದ್ಧಪಡಿಸಬಲ್ಲುದು, ಪಥ್ಯಾಪಥ್ಯವನ್ನು ಅರಿಯುವುದು, ಲಾಭದಾಸೆಯಿಲ್ಲದೆ ಮೈತ್ರಿಯಿಂದ ನೋಡುವುದು, ಮಲಮೂತ್ರಗಳನ್ನು ತೆಗೆಯಲು ಹೇಸದಿರುವುದು, ಧರ್ಮಕಥೆಯಿಂದ ಸಂತೋಷಪಡಿಸುವುದು ಎಂದು ಐದು ಗುಣಗಳನ್ನು ಅದು ಹೇಳಿದೆ. ಚರಕನ ಜ್ಞಾನವೂ ಸುಶ್ರುತನ ಹೇಸದಿರುವಿಕೆಯೂ ಇಲ್ಲಿ ಒಂದುಗೂಡಿವೆ. ರೋಗಿಯು ಸತ್ತರೆ ಆತನ ಚೀವರಗಳೂ ಪಾತ್ರೆಯೂ ಪರಿಚರಿಸಿದವನಿಗೇ ಸಲ್ಲುವಂತೆ ಸಂಘವು ವಿಧಿಸಿತು.

ನಮ್ಮ ನಾಡಿನಲ್ಲಿ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು, ವೇದ ವ್ಯಾಕರಣಗಳ ಪಾಠಕ್ಕೆ ನೆಲೆಯಾಗಿದ್ದ ಆ ಮಠವನ್ನು ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ಸ್ಥಾನವೆಂದೂ ಅನಾಥರೋಗಿಗಳ ಚಿಕಿತ್ಸಾಸ್ಥಾನವೆಂದೂ ವರ್ಣಿಸಿದೆ. ಅನ್ನವಿಕ್ಕಿ ನೋಡಿಕೊಂಡ ಕೈಗಳು ಯಾರವೆಂಬುದನ್ನು ಅದು ಎತ್ತಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನ ವೀರರಾಜೇಂದ್ರಚೋಳನ ಶಾಸನವು ಇನ್ನೂ ಸ್ಪಷ್ಟ. ನಮ್ಮ ಚಾಲುಕ್ಯರೊಡನೆ ಆತನು ನಡೆಸಿದ ಯುದ್ಧಗಳನ್ನು ಹೊಗಳಿದ ಅದೇ ಶಾಸನದಲ್ಲಿ, ದೇವಾಲಯದ ವಿದ್ಯಾರ್ಥಿಗಳಿಗೂ ಪರಿಜನಕ್ಕೂ ಏರ್ಪಟ್ಟ 15 ಹಾಸಿಗೆಗಳ ಆತುರಶಾಲೆಯ ವಿವರವಿದೆ. ಕಾಲವು ಸುಮಾರು 1068. ವೈದ್ಯನೊಬ್ಬ, ಶಲ್ಯಕ್ರಿಯೆಯವನೊಬ್ಬ, ಮೂಲಿಕೆಗಳನ್ನು ತರುವ ಇಬ್ಬರು, ಮದ್ದನ್ನು ಸಿದ್ಧಪಡಿಸಿ ರೋಗಿಗಳನ್ನು ನೋಡಿಕೊಳ್ಳುವ ಇಬ್ಬರು ಸ್ತ್ರೀಯರು, ಕ್ಷೌರಿಕನೊಬ್ಬ, ನೀರಿನವನೊಬ್ಬ: ಇವರಿಗೆಲ್ಲ ಭತ್ತದ ವೇತನವು ಗೊತ್ತುಪಟ್ಟಿತ್ತು. ವೈದ್ಯನ ಹೆಸರು ಕೋದಂಡರಾಮ ಅಶ್ವತ್ಥಾಮಭಟ್ಟ. ಆ ಇಬ್ಬರು ಸ್ತ್ರೀಯರನ್ನು ಶಾಸನವು ಸಂಖ್ಯೆಯಿಂದ ಮಾತ್ರ ಹೇಳಿದೆ.