ವನವಿಹಾರವೂ ವನಪಾಲನೆಯೂ

ಅರಣ್ಯವನ್ನು ನೋಡಿ ಆನಂದಿಸಬೇಕೆಂಬ ಬಯಕೆಗೂ ಅದನ್ನು ಕೆಡದಂತೆ ಕಾಯಬೇಕೆಂಬ ಕರ್ತವ್ಯಕ್ಕೂ ನಡೆಯುವ ಜಗ್ಗಾಟವು ಈ ಕಾಲದ ಹೊಸ ಸಂಗತಿಯೆಂದು ಅನೇಕರು ಭಾವಿಸುವುದುಂಟು. ನಮ್ಮ ರಾಜನೀತಿಯ ಗ್ರಂಥಗಳನ್ನು ತಿರುವಿದರೆ ಹಾಗಲ್ಲವೆಂಬುದು ವೇದ್ಯವಾಗುವುದು.

ಬಹುಕಾಲ ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅದರ ಎರಡನೆಯ ಅಧಿಕರಣದಲ್ಲಿ ಎರಡು ಬಗೆಯ ಮೃಗವನಗಳು ಹೇಳಲ್ಪಟ್ಟಿವೆ. ಮೊದಲನೆಯದು ಅರಸನ ವಿಹಾರಕ್ಕಾಗಿ: ಒಂದೇ ಬಾಗಿಲು, ಸುತ್ತಲೂ ಕಂದಕ, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳಗಳು, ಉಗುರು ಕೋರೆಗಳನ್ನು ಮುರಿದ ಕ್ರೂರಮೃಗಗಳು. ಎರಡನೆಯದು ಗಡಿನಾಡಿನಲ್ಲಿ, ಸಕಲ ಮೃಗಗಳನ್ನೂ ಅತಿಥಿಗಳಂತೆ ಬರಮಾಡಿಕೊಳ್ಳುವ ವನ. ಮುಂದೆ ಸೂನಾಧ್ಯಕ್ಷನ ಪ್ರಕರಣದಲ್ಲಿ ಇನ್ನೊಂದು ವಿಧಿಯುಂಟು. ಜೀವಂತವಾಗಿ ಹಿಡಿದ ಪಕ್ಷಿಮೃಗಗಳಲ್ಲಿ ಆರನೆಯ ಒಂದು ಪಾಲನ್ನು ಆ ಅಧಿಕಾರಿಯು ಅಭಯವನಗಳಲ್ಲಿ ಬಿಟ್ಟುಬಿಡತಕ್ಕದ್ದು. ಕಾಡಿನಿಂದ ಪಡೆದವನು ಕಾಡಿಗೆ ಒಂದು ಪಾಲನ್ನು ಹಿಂದಿರುಗಿಸಬೇಕೆಂಬುದೇ ಇದರ ಅಭಿಪ್ರಾಯ.

ವಿಹಾರದ ವನವು ಅಭಯದ ವನವಾದ ಬಗೆಯನ್ನು ನಮ್ಮ ಬಂಡೀಪುರದಲ್ಲಿಯೇ ಕಾಣಬಹುದು. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಆ ಸೀಮೆಯಲ್ಲಿ 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನಷ್ಟು ಭಾಗವನ್ನು ಸಂಸ್ಥಾನವು ಮೃಗರಕ್ಷಣೆಗೆ ಮೀಸಲಿಟ್ಟಿತು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ಅದಕ್ಕೆ ವೇಣುಗೋಪಾಲ ವನ್ಯಮೃಗೋದ್ಯಾನವೆಂಬ ಹೆಸರೂ ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಾಯಿತು. 1973ರಲ್ಲಿ ಕೇಂದ್ರ ಸರ್ಕಾರವು ಹುಲಿ ಯೋಜನೆಯನ್ನು ಆರಂಭಿಸಿದಾಗ ಮೊದಲ ಒಂಬತ್ತು ರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದಾಯಿತು. ಬಂದೂಕು ಹಿಡಿದು ಬರುತ್ತಿದ್ದವರ ಜಾಗಕ್ಕೆ ಕ್ಯಾಮೆರಾ ಹಿಡಿದವರು ಬಂದರು. ತಲೆತಲಾಂತರದಿಂದ ಒಳಗೆ ಬಾಳಿದ್ದ ಜೇನುಕುರುಬರೇ ಮೊದಲಾದವರ ಹಾಡಿಗಳು ಮಾತ್ರ ಹೊರಕ್ಕೆ ಸರಿಯಬೇಕಾಯಿತು. ಹುಲಿಗೆ ಅಭಯ ದೊರೆತುದರ ಬೆಲೆಯನ್ನು ಮೊದಲು ತೆತ್ತವರು ಇವರು.

ವಿಹಾರಾರ್ಥಿಗಳ ಸಂಖ್ಯೆಯೂ ವಸತಿಗೃಹಗಳೂ ಬೆಳೆದಂತೆ ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2012ರ ಜುಲೈ ತಿಂಗಳಲ್ಲಿ ಹುಲಿರಕ್ಷಿತ ಕಾಡುಗಳ ಗರ್ಭಪ್ರದೇಶದಲ್ಲಿ ಪ್ರವಾಸವನ್ನು ನ್ಯಾಯಾಲಯವು ತಾತ್ಕಾಲಿಕವಾಗಿ ನಿಷೇಧಿಸಿತು. ವಾಹನಗಳ ಸಂದಣಿಯಿಂದ ಮೃಗಗಳ ನೆಮ್ಮದಿ ಕೆಡುವುದೆಂದು ಒಂದು ಪಕ್ಷ ವಾದಿಸಿತು. ನೋಡುವ ಕಣ್ಣುಗಳಿದ್ದರೆ ಕಳ್ಳಬೇಟೆಗಾರರಿಗೆ ಅಂಜಿಕೆಯುಂಟೆಂದೂ, ಸುತ್ತಣ ಹಳ್ಳಿಗರಿಗೆ ಜೀವನೋಪಾಯ ದೊರೆಯುವುದೆಂದೂ ಇನ್ನೊಂದು ಪಕ್ಷ ಹೇಳಿತು. ಅಕ್ಟೋಬರಿನಲ್ಲಿ ಹೊಸ ನಿಯಮಾವಳಿ ಪ್ರಕಟವಾದ ಮೇಲೆ ನಿಷೇಧವು ತೆರವಾಯಿತು. ಗರ್ಭಪ್ರದೇಶದಲ್ಲಿ ನೂರಕ್ಕೆ 20 ಪಾಲಿಗೆ ಮೀರದಂತೆ ಪ್ರವಾಸವಿರಬಹುದೆಂದು ಆ ನಿಯಮಗಳು ವಿಧಿಸಿದವು.

ಎರಡು ಪಕ್ಷಗಳ ಮಾತಿನಲ್ಲಿಯೂ ಸತ್ಯವುಂಟು. ಆದರೆ ವಾದದ ತಿರುಳು ಇರುವುದು ಹಣದಲ್ಲಿ. ಕಾವಲುಗಾರನ ಸಂಬಳ, ಬೆಂಕಿಯ ಗಡಿಯನ್ನು ಸವರುವ ಕೂಲಿ, ಆನೆ ತುಳಿದ ಹೊಲಕ್ಕೆ ಪರಿಹಾರ, ಇವೆಲ್ಲ ಎಲ್ಲಿಂದ ಬರಬೇಕು? ಕೇವಲ ಬೊಕ್ಕಸವನ್ನು ನೆಚ್ಚಿದರೆ ಅಭಾವದ ವರ್ಷದಲ್ಲಿ ಕಾಡೇ ಮೊದಲು ಸೊರಗುವುದು. ಕೇವಲ ಪ್ರವೇಶಶುಲ್ಕವನ್ನು ನೆಚ್ಚಿದರೆ ಹೆಚ್ಚು ಜನರನ್ನು ಬರಮಾಡುವ ಆಸೆ ಬಲಿಯುವುದು. 2006ರ ತಿದ್ದುಪಡಿಯಿಂದ ಕಾಯಿದೆಗೆ ಸೇರಿದ ಒಂದು ವಿಧಿಯು ಈ ಸಂದಿಗ್ಧಕ್ಕೆ ದಾರಿ ತೋರಿಸಿದೆ. ಪ್ರತಿಯೊಂದು ಹುಲಿರಕ್ಷಿತ ಪ್ರದೇಶಕ್ಕೂ ಒಂದು ಪ್ರತಿಷ್ಠಾನವಿರಬೇಕು. ಅಲ್ಲಿ ಸಂಗ್ರಹವಾದ ಶುಲ್ಕವು ಅದರ ಮೂಲಕ ಅಲ್ಲಿಯೇ ವಿನಿಯೋಗವಾಗಬೇಕು. ಸ್ಥಳೀಕರ ಹಿತವೂ ಅದರ ಉದ್ದೇಶಗಳಲ್ಲಿ ಸೇರಿದೆ.

ಸೂನಾಧ್ಯಕ್ಷನ ಆರನೆಯ ಪಾಲಿನ ನೀತಿಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆಯೆಂದರೆ ತಪ್ಪಾಗಲಾರದು. ಶುಲ್ಕವು ಅರಣ್ಯದ ದರ್ಶನಕ್ಕೆ ತೆತ್ತ ಬೆಲೆಯಲ್ಲ. ಅದು ಅರಣ್ಯಕ್ಕೂ ಅದರ ಅಂಚಿನಲ್ಲಿ ಬಾಳುವವರಿಗೂ ಸಲ್ಲತಕ್ಕ ಋಣ. ಆ ಋಣವು ಸಂದಾಯವಾಗುವಷ್ಟು ಕಾಲ ವಿಹಾರವು ಧರ್ಮ್ಯವಾದುದು. ಸಂದಾಯವಾಗದಿದ್ದರೆ ಬಂದೂಕು ಹೋಗಿ ಕ್ಯಾಮೆರಾ ಬಂದುದರಿಂದ ಮೃಗಗಳಿಗೆ ಆದ ಲಾಭ ಅಲ್ಪವೇ ಸರಿ.