ಬಿಲ್ಲಿನ ತಪ್ಪೋ, ಕೈಯ ತಪ್ಪೋ: ಬಾಣ ಬಿಡುವ ಯಂತ್ರಗಳು ನಡೆದು ಬಂದ ದಾರಿ

ಆನೆಗೊಂದಿಯ ಸುತ್ತಲಿನ ಬೆಟ್ಟಗಳೇ ಕಿಷ್ಕಿಂಧೆ ಎಂದು ನಂಬಿರುವ ಸೀಮೆ ನಮ್ಮದು. ಗಂಗಾವತಿಯಿಂದ ಯಲಬುರ್ಗಾ ಕಡೆಯ ಮಂಗಳೂರಿನವರೆಗೆ ಯಾವ ಊರಿನ ಕಟ್ಟೆಯ ಮೇಲೆ ಕೂತರೂ ವಾಲಿ ಸುಗ್ರೀವರ ಕಥೆ ಹೇಳುವವರು ಸಿಗುತ್ತಾರೆ. ವಾಲಿಯನ್ನು ಕೊಲ್ಲುವಷ್ಟು ಬಲ ರಾಮನಿಗಿದೆಯೇ ಎಂದು ಸುಗ್ರೀವ ಶಂಕಿಸಿದಾಗ ಆತ ಒಂದೇ ಬಾಣದಲ್ಲಿ ಏಳು ಸಾಲವೃಕ್ಷಗಳನ್ನು ಭೇದಿಸಿ ತೋರಿಸಿದ. ಹಂಪಿಯ ಹಜಾರ ರಾಮ ದೇವಾಲಯದ ಗೋಡೆಯಲ್ಲಿ ಆ ದೃಶ್ಯ ಕಲ್ಲಾಗಿ ನಿಂತಿದೆ. ದ್ರೌಪದಿಯ ಸ್ವಯಂವರದ ಮತ್ಸ್ಯಯಂತ್ರವೂ ಅಂಥದೇ ಪರೀಕ್ಷೆ. ಎರಡರಲ್ಲೂ ಪರೀಕ್ಷೆಗೆ ನಿಂತವನು ಬಿಲ್ಲುಗಾರ. ಗುರಿ ತಾಗಿದ್ದರಲ್ಲಿ ಬಿಲ್ಲಿನ ಪಾಲೆಷ್ಟು, ಕೈಯ ಪಾಲೆಷ್ಟು ಎಂದು ಬಿಡಿಸಿ ನೋಡುವ ಉಪಾಯ ಮನುಷ್ಯನಿಗೆ ಹೊಳೆದದ್ದು ಈಚಿನ ನೂರು ವರ್ಷಗಳಲ್ಲಿ.

1923ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಬೇರೆ ಬೇರೆ ಜನಾಂಗಗಳ ಬಿಲ್ಲುಗಳನ್ನು ಎಳೆದು, ಬಾಣ ಎಷ್ಟು ದೂರ ಹೋಯಿತೆಂದು ಅಳೆದು ಒಂದು ಅಧ್ಯಯನ ಪ್ರಕಟಿಸಿದ. ಶ್ರದ್ಧೆಯ ಕೆಲಸ. ಆದರೆ ಎಳೆದದ್ದು ಕೈಯಿಂದ. ಕೈ ದಣಿಯುತ್ತದೆ, ಒಂದು ಸಲ ಅರ್ಧ ಇಂಚು ಹೆಚ್ಚು ಎಳೆಯುತ್ತದೆ, ಇನ್ನೊಂದು ಸಲ ಹೆದೆಯನ್ನು ಓರೆಯಾಗಿ ಬಿಡುತ್ತದೆ. ಹಾಗಾಗಿ ಅಳತೆಯಲ್ಲಿ ಬಿಲ್ಲು ಮತ್ತು ಮನುಷ್ಯ ಬೆರೆತೇ ಉಳಿದರು.

ಅದನ್ನು ಬಿಡಿಸಿದವನು ಕ್ಲಾರೆನ್ಸ್ ಹಿಕ್‌ಮನ್. 1918ರಲ್ಲಿ ರಾಬರ್ಟ್ ಗೊಡಾರ್ಡ್ ಜೊತೆ ರಾಕೆಟ್ ಪ್ರಯೋಗ ಮಾಡಿದ್ದ ಈ ಭೌತವಿಜ್ಞಾನಿ ಆಮೇಲೆ ಬೆಲ್ ಪ್ರಯೋಗಾಲಯ ಸೇರಿದ. ಬಿಲ್ಲನ್ನು ಚೌಕಟ್ಟಿಗೆ ಕೂರಿಸಿ, ಹೆದೆಯನ್ನು ಪ್ರತಿ ಸಲವೂ ಅಷ್ಟೇ ಉದ್ದಕ್ಕೆ ಎಳೆದು, ಕೊಕ್ಕೆಯಿಂದ ಬಿಡುವ ಯಂತ್ರ ಕಟ್ಟಿದ. ಬಾಣದ ವೇಗವನ್ನು ವಿದ್ಯುತ್ ಉಪಕರಣದಿಂದ ಅಳೆದ. 1920ರ ದಶಕದ ಕೊನೆಯಲ್ಲಿ ಆರಂಭವಾದ ಈ ಕೆಲಸ ಬಿಲ್ಲಿನ ಆಕಾರವನ್ನೇ ಬದಲಿಸಿತು. ಇಂಗ್ಲೆಂಡಿನ ಹಳೆಯ ಬಿಲ್ಲುಗಳ ದಪ್ಪ ದುಂಡು ತೋಳಿಗಿಂತ ಚಪ್ಪಟೆ ತೋಳು ಮೇಲೆಂದು ಅಂಕಿಯಲ್ಲಿ ಗೊತ್ತಾಯಿತು. ಹೆದೆಯ ತೂಕದ ಸುಮಾರು ಮೂರನೇ ಒಂದು ಭಾಗವನ್ನು ಬಾಣವೇ ಹೊತ್ತುಕೊಂಡಂತೆ ಲೆಕ್ಕವಾಗುತ್ತದೆಂಬುದೂ ತಿಳಿಯಿತು. ದಪ್ಪ ಹೆದೆ ಹಾಕಿದರೆ ಬಾಣ ಏಕೆ ಮಂದವಾಗುತ್ತದೆಂದು ಅನುಭವದಿಂದ ಬಲ್ಲವರಿಗೆ ಕಾರಣ ಸಿಕ್ಕಂತಾಯಿತು. ಹಿಕ್‌ಮನ್, ಫಾರೆಸ್ಟ್ ನಾಗ್ಲರ್, ಪಾಲ್ ಕ್ಲೋಪ್‌ಸ್ಟೆಗ್ ಮೂವರ ಬರಹಗಳು 1947ರಲ್ಲಿ ಒಂದೇ ಪುಸ್ತಕವಾಗಿ ಬಂದವು. ಈ ಕ್ಷೇತ್ರದಲ್ಲಿ ಅದಕ್ಕಿಂತ ಮುಖ್ಯವಾದ ಪುಸ್ತಕ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ಈ ಪ್ರಯೋಗಗಳ ಕಾಲಕ್ಕೇ ಒಂದು ಹಳೆಯ ಒಗಟೂ ಬಿಚ್ಚಿಕೊಂಡಿತು. ಬಾಣ ಬಿಲ್ಲಿನ ಪಕ್ಕಕ್ಕೆ ಒರಗಿರುತ್ತದೆ. ಹೆದೆ ಹಿಂತಿರುಗಿದಾಗ ಬಾಣದ ಮೂತಿ ಪಕ್ಕಕ್ಕೆ ತಿರುಗಬೇಕು. ಆದರೂ ಒಳ್ಳೆಯ ಬಾಣ ನೇರವಾಗಿ ಹೋಗುತ್ತದೆ. 1930ರ ದಶಕದಲ್ಲಿ ಹಿಕ್‌ಮನ್ ತೆಗೆದ ಅತಿವೇಗದ ಚಲನಚಿತ್ರಗಳಲ್ಲಿ ಬಾಣ ಹಾವಿನಂತೆ ಬಳುಕುತ್ತ ಬಿಲ್ಲನ್ನು ಬಳಸಿಕೊಂಡು ಹೋಗುವುದು ಕಂಡಿತು. ಅಲ್ಲಿಂದ ಬಾಣದ ಬಿಗಿತಕ್ಕೆ, ಅಂದರೆ ‘ಸ್ಪೈನ್’ಗೆ, ಬೆಲೆ ಬಂತು. ಇವತ್ತಿನ ಅಳತೆ ಸರಳ: ಬಾಣವನ್ನು 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 880 ಗ್ರಾಂ ತೂಕ ತೂಗುಹಾಕುವುದು. ಅರ್ಧ ಇಂಚು ಬಾಗಿದರೆ ಅದು 500ರ ಬಾಣ.

1969ರಲ್ಲಿ ಹಾಲೆಸ್ ವಿಲ್ಬರ್ ಅಲೆನ್‌ಗೆ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕ ಮೇಲೆ ಯಂತ್ರಕ್ಕೆ ಹೊಸ ಕೆಲಸ ಬಂತು. ಈ ಬಿಲ್ಲಿನ ಎರಡು ತುದಿಗಳಲ್ಲಿರುವ ಕ್ಯಾಮ್ ಎಂಬ ರಾಟೆಗಳು ಕೂಡಿಯೇ ತಿರುಗಬೇಕು. ಒಂದು ತುಸು ಹಿಂದಾದರೂ ಬಾಣದ ಬಾಲ ಮೇಲೆ ಕೆಳಗೆ ಆಡುತ್ತದೆ. ಬಿಲ್ಲಿನ ವೇಗವೇ ಮಾರಾಟದ ಮಾತಾದ್ದರಿಂದ ಸಮಾನ ಷರತ್ತುಗಳೂ ಬೇಕಾದವು. 70 ಪೌಂಡ್ ಎಳೆತ, 30 ಇಂಚು, 350 ಗ್ರೇನ್ ಬಾಣ ಎಂಬ ಐಬಿಓ (ಬಿಲ್ಲುಬೇಟೆಗಾರರ ಅಂತರರಾಷ್ಟ್ರೀಯ ಸಂಸ್ಥೆ) ಅಳತೆ ಹೀಗೆ ರೂಢಿಯಾಯಿತು. ಕಾರ್ಖಾನೆಯಾಚೆಗೂ ಸ್ಪಾಟ್ ಹಾಗ್ ಕಂಪನಿಯ ‘ಹೂಟರ್ ಶೂಟರ್’ ಥರದ ಯಂತ್ರಗಳು ಬಂದವು. 1983ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕ ಕೋಯಿ ಬಿಲ್ಲಿನ ಚಲನೆಯನ್ನು ಗಣಿತದಲ್ಲೇ ಬಿಡಿಸಿದ ಪ್ರಬಂಧವೂ ಬಂತು.

ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕು? ಒಲಿಂಪಿಕ್ಸ್‌ನ 70 ಮೀಟರ್ ದೂರವನ್ನೇ ತೆಗೆದುಕೊಳ್ಳಿ. ಗುರಿಯ ಅಗಲ 122 ಸೆಂ.ಮೀ., ಹತ್ತು ಅಂಕದ ವೃತ್ತ 12.2 ಸೆಂ.ಮೀ. ಬಾಣದ ವೇಗ ಸೆಕೆಂಡಿಗೆ 60 ಮೀಟರ್ ಎನ್ನೋಣ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಒಂದೇ ಮೀಟರ್ ವೇಗ ವ್ಯತ್ಯಾಸವಾದರೂ ಬಾಣ ಸುಮಾರು 22 ಸೆಂ.ಮೀ. ಮೇಲೆ ಅಥವಾ ಕೆಳಗೆ ನಾಟುತ್ತದೆ. ನಟ್ಟನಡುವೆ ಕೂರಬೇಕಾದದ್ದು ಏಳಕ್ಕೆ ಬೀಳುತ್ತದೆ. ಕೈ ಎಷ್ಟೇ ಪಳಗಿದ್ದರೂ ಒಂದೇ ಡಜನ್‌ನ ಎರಡು ಬಾಣಗಳ ತೂಕ ಬೇರೆಯಾದರೆ ಬಿಲ್ಲುಗಾರ ತನ್ನದಲ್ಲದ ತಪ್ಪಿಗೆ ಅಂಕ ತೆರುತ್ತಾನೆ. ಕೊರಿಯಾ ತಂಡದ ಬೆನ್ನಿಗೆ ನಿಂತಿರುವ ಹ್ಯುಂಡೈ ಕಂಪನಿ ಬಾಣ ಆರಿಸಲೆಂದೇ ಶೂಟಿಂಗ್ ಮಷೀನ್ ಮಾಡಿಸಿದ್ದು ಇದಕ್ಕೇ. ಯಂತ್ರ ಒಂದೊಂದೇ ಬಾಣ ಬಿಡುತ್ತದೆ. ಗುಂಪಿನಿಂದ ಹೊರಗೆ ನಾಟಿದ್ದು ಪೆಟ್ಟಿಗೆಯಿಂದಲೂ ಹೊರಗೆ. 2024ರ ಪ್ಯಾರಿಸ್‌ನಲ್ಲಿ ಕೊರಿಯಾ ಐದಕ್ಕೆ ಐದೂ ಚಿನ್ನ ಗೆದ್ದಿತು. ಗೆದ್ದವರು ಬಿಲ್ಲುಗಾರರೇ, ಆದರೆ ಬಾಣದ ಬಗ್ಗೆ ಅನುಮಾನ ಇಟ್ಟುಕೊಂಡು ಅವರು ಗೆರೆಯ ಮೇಲೆ ನಿಲ್ಲಬೇಕಾಗಲಿಲ್ಲ.

ಯಂತ್ರಕ್ಕೂ ಮಿತಿಯಿದೆ. ತುದಿಗಳು ಮುಂದಕ್ಕೆ ಬಾಗಿರುವ ರೀಕರ್ವ್ ಬಿಲ್ಲಿನ ಹೆದೆ ಬೆರಳುಗಳಿಂದ ಜಾರುವಾಗ ಪಕ್ಕಕ್ಕೆ ಸರಿಯುತ್ತದೆ. ಯಂತ್ರದ ಕೊಕ್ಕೆ ಹಾಗೆ ಸರಿಯುವುದಿಲ್ಲ. ಹಿಡಿಯನ್ನು ಕಬ್ಬಿಣಕ್ಕೆ ಬಿಗಿದರೆ ಮನುಷ್ಯನ ಕೈಯಲ್ಲಿ ಬಿಲ್ಲು ಒದೆಯುವ ರೀತಿಯೂ ಬದಲಾಗುತ್ತದೆ. ಅದಕ್ಕೇ ಕಾಂಪೌಂಡ್‌ಗೆ ಯಂತ್ರ ಹೆಚ್ಚು ಒಗ್ಗುತ್ತದೆ. ರೀಕರ್ವ್‌ನ ಕೊನೆಯ ಹದ ಮಾತ್ರ ಆಟಗಾರರ ಕೈಯಲ್ಲೇ ಆಗಬೇಕು. ಗರಿ ಇರುವ ಬಾಣಗಳ ಜೊತೆ ಗರಿ ಇಲ್ಲದ್ದನ್ನೂ ಬಿಟ್ಟು ನೋಡುತ್ತಾರೆ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಅದು ಅತಿ ಬಿಗಿ, ಬಲಕ್ಕೆ ಬಿದ್ದರೆ ಅತಿ ಮೆದು.

ಇನ್ನು ನಮ್ಮ ದೇಶದ ಮಾತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಾಂಪೌಂಡ್‌ನ ಐದೂ ಚಿನ್ನ ಗೆದ್ದಿತು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಸೇರಿದೆ. ಆದರೆ ನಮ್ಮ ಹಳ್ಳಿ ಮಕ್ಕಳ ಕೈಗೆ ಮೊದಲು ಸಿಗುವುದು ‘ಇಂಡಿಯನ್ ರೌಂಡ್’ ಎಂಬ ದೇಶೀ ವಿಭಾಗದ ಬಿದಿರಿನ ಬಿಲ್ಲು. ಬಿದಿರಿನ ಒಂದು ಬಾಣ ಇನ್ನೊಂದರಂತಿರುವುದಿಲ್ಲ, ಹಾಗಾಗಿ ಅಳತೆಯ ಅಗತ್ಯ ಅಲ್ಲೇ ಹೆಚ್ಚು. ಇದಕ್ಕೆ ದುಬಾರಿ ಯಂತ್ರ ಬೇಡ. ಮರದ ಬಾಣಕ್ಕೆ ಹಳೆಯ ಪದ್ಧತಿಯಲ್ಲಿ 26 ಇಂಚು ಅಂತರ, 2 ಪೌಂಡ್ ತೂಕ. ಒಂದು ಹಲಗೆ, ಎರಡು ಮೊಳೆ, ಲೇತ್ ಅಂಗಡಿಯ ಡಯಲ್ ಗೇಜ್ ಇದ್ದರೆ ಸಾಕು. ಹೆದೆ ಎಳೆದು ನಿಲ್ಲಿಸಿ ಬಿಲ್ಲು ಬಾಗುವುದನ್ನು ನೋಡುವ ರಾಟೆ ಹಲಗೆಯನ್ನು ಗಂಗಾವತಿಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದು. ಕೊಕ್ಕೆ ಮಾತ್ರ ಗಟ್ಟಿ ಇರಬೇಕು: ಬಾಣವಿಲ್ಲದೆ ಹೆದೆ ಕಳಚಿದರೆ ಅಷ್ಟೂ ಶಕ್ತಿ ಬಿಲ್ಲಿನ ತೋಳುಗಳಿಗೇ ಹೋಗಿ ಅವು ಸೀಳಿಹೋಗಬಹುದು.